ಕೈಗೆ ಬೇಡ, ಕಣ್ಣಿಗೆ ಸಾಕು: ಮನೆಯಲ್ಲಿ ಯೆಮನ್ ಗೋಸುಂಬೆಯನ್ನು ಸಾಕುವ ಬಗೆ

ನಮ್ಮ ಮನೆಗೆ ಬರುವ ಮಕ್ಕಳು ಚಪ್ಪಲಿ ಬಿಡುವುದಕ್ಕೂ ಮೊದಲು ಕೇಳುವುದು ಒಂದೇ ಮಾತು: “ಆಂಟಿ, ಅದನ್ನು ನನ್ನ ಕೈ ಮೇಲೆ ಬಿಡುತ್ತೀರಾ?” ನಾನು ಬಿಡುವುದಿಲ್ಲ. ಗೂಡಿನಿಂದ ನಾಲ್ಕು ಅಡಿ ದೂರದಲ್ಲಿ ಚಾಪೆ ಹಾಸಿ ಕೂರಿಸುತ್ತೇನೆ. ಐದು ನಿಮಿಷ ಏನೂ ಕಾಣುವುದಿಲ್ಲ, ಬರೀ ಎಲೆ. ಆಮೇಲೆ ಎಲೆಗಳ ನಡುವೆ ಒಂದು ಕಣ್ಣು ಇತ್ತ ತಿರುಗುತ್ತದೆ, ಇನ್ನೊಂದು ಕಣ್ಣು ಕೊಂಬೆಯ ಮೇಲಿನ ಹುಳುವಿನತ್ತ ತಿರುಗುತ್ತದೆ. ಬಳಿಕ ಎರಡೂ ಕಣ್ಣು ಹುಳುವಿನ ಮೇಲೆಯೇ ನೆಡುತ್ತವೆ, ಮೈಯಷ್ಟು ಉದ್ದದ ನಾಲಗೆ ಚಿಮ್ಮಿ ಹಿಂದಿರುಗುತ್ತದೆ. ಅಲ್ಲಿಂದಾಚೆಗೆ ಯಾವ ಮಗುವೂ ಕೈಯ ಮಾತು ಎತ್ತಿದ್ದಿಲ್ಲ.

ನಾವಿರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ಮೊದಲು ತಂದ ಹೆಣ್ಣು ಗೋಸುಂಬೆ ದೂರ್ವಾ ಒಂಬತ್ತು ತಿಂಗಳಿಗೇ ಸತ್ತಿತು. ಕಾರಣ ನನ್ನ ಅಜ್ಞಾನ. ಈಗಿರುವ ಗಂಡು ಚಿಗುರನಿಗೆ ಐದು ವರ್ಷ. ಇಲ್ಲಿನ ಕನ್ನಡ ಕುಟುಂಬಗಳಲ್ಲಿ ಗೋಸುಂಬೆ ಬೇಕೆಂದು ಹಟ ಹಿಡಿದ ಮಕ್ಕಳು ಹಲವರಿದ್ದಾರೆ. ಅವರ ಅಪ್ಪ ಅಮ್ಮಂದಿರು ದೂರ್ವಾಳ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಮಾಡಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾನೂನು

ಕರ್ನಾಟಕದಲ್ಲಿ ಇದನ್ನು ಓದುತ್ತಿರುವವರು ದಯವಿಟ್ಟು ಈ ಭಾಗವನ್ನು ದಾಟಿ ಹೋಗಬೇಡಿ. ನಮ್ಮ ಬಯಲುಸೀಮೆಯ ಬೇಲಿ, ಜಾಲಿ, ಹುಣಸೆ ಮರಗಳಲ್ಲಿ ಸಿಗುವ ಭಾರತೀಯ ಗೋಸುಂಬೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ. ಅದನ್ನು ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ. ರಸ್ತೆ ದಾಟುವಾಗ ಕಂಡರೆ ಒಂದು ಕಡ್ಡಿಯನ್ನು ಅದರ ಮುಂಗಾಲಿನ ಮುಂದೆ ಹಿಡಿಯಿರಿ. ತಾನೇ ಹತ್ತಿಕೊಳ್ಳುತ್ತದೆ. ಅದು ಹೊರಟಿದ್ದ ದಿಕ್ಕಿನ ಪೊದೆಗೆ ಬಿಟ್ಟರೆ ನಿಮ್ಮ ಕೆಲಸ ಮುಗಿಯಿತು. ವಿದೇಶಿ ಗೋಸುಂಬೆಗಳೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ಭಾರತದಲ್ಲಿ ಅಂಥ ಪ್ರಾಣಿಗಳನ್ನು ಇಟ್ಟುಕೊಂಡವರು 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಲೇಬೇಕು. ಕಾಗದಪತ್ರವಿಲ್ಲದೆ ಗುಟ್ಟಾಗಿ ಮಾರುವವರಿಂದ ಕೊಂಡರೆ ಕಳ್ಳಸಾಗಣೆಗೆ ಹಣ ಕೊಟ್ಟಂತೆ.

ಅಮೆರಿಕದಲ್ಲಿಯೂ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಹವಾಯಿಯಲ್ಲಿ ಯೆಮನ್ ಗೋಸುಂಬೆಯನ್ನು ಇಟ್ಟುಕೊಳ್ಳುವಂತಿಲ್ಲ. ಫ್ಲಾರಿಡಾದಲ್ಲಿ ಸಾಕಿದವರು ಬಿಟ್ಟ, ತಪ್ಪಿಸಿಕೊಂಡ ಗೋಸುಂಬೆಗಳು ಕಾಡಿನಲ್ಲೇ ಸಂಸಾರ ಹೂಡಿವೆ. ನಿಮ್ಮ ರಾಜ್ಯದ ವನ್ಯಜೀವಿ ಇಲಾಖೆಯ ಜಾಲತಾಣವನ್ನು ನೋಡಿಯೇ ಮುಂದುವರಿಯಿರಿ. ಸಾಕುವುದು ಬೇಸರವಾಯಿತೆಂದು ಹಿತ್ತಲಿಗೆ ಬಿಡುವ ಯೋಚನೆಯನ್ನು ಎಂದಿಗೂ ಮಾಡಬೇಡಿ.

ಯಾವ ಮರಿಯನ್ನು ತರಬೇಕು

ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಎರಡು ಜಾತಿ: ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆ, ಯೆಮನ್ ಮತ್ತು ನೈರುತ್ಯ ಸೌದಿ ಅರೇಬಿಯದ ಬೆಟ್ಟಸೀಮೆಯ ಯೆಮನ್ ಗೋಸುಂಬೆ. ಇಲ್ಲಿ ಎರಡನೆಯದನ್ನು ವೇಲ್ಡ್ ಕಮೀಲಿಯನ್ ಎಂದು ಕರೆಯುತ್ತಾರೆ. ಮೊದಲ ಸಲ ಸಾಕುವವರಿಗೆ ಅದೇ ಸರಿ, ಗಟ್ಟಿ ಜೀವ. ಗಂಡು ಬಾಲವೂ ಸೇರಿ ಒಂದೂವರೆಯಿಂದ ಎರಡು ಅಡಿ ಬೆಳೆಯುತ್ತದೆ. ಹೆಣ್ಣು ಒಂದಡಿಯ ಆಸುಪಾಸು. ಸರಿಯಾಗಿ ನೋಡಿಕೊಂಡರೆ ಗಂಡು ಐದರಿಂದ ಎಂಟು ವರ್ಷ ಬಾಳುತ್ತದೆ.

ಗಂಡೋ ಹೆಣ್ಣೋ ಎನ್ನುವುದು ಮರಿಯಲ್ಲೇ ತಿಳಿಯುತ್ತದೆ. ಗಂಡಿನ ಹಿಂಗಾಲಿನ ಹಿಮ್ಮಡಿಯಲ್ಲಿ ಹುಟ್ಟಿನಿಂದಲೇ ಚಿಕ್ಕ ಮುಳ್ಳಿನಂಥ ಗುಬುಟು ಇರುತ್ತದೆ. ಮೊದಲ ಸಲಕ್ಕೆ ಗಂಡನ್ನೇ ತನ್ನಿ ಎಂದು ಒತ್ತಿ ಹೇಳುತ್ತೇನೆ. ಏಕೆಂಬುದು ಮೊಟ್ಟೆಯ ಭಾಗದಲ್ಲಿದೆ.

ಕಾಡಿನಿಂದ ಹಿಡಿದದ್ದಲ್ಲ, ಸಾಕಿದ ಗೋಸುಂಬೆಗೇ ಹುಟ್ಟಿದ್ದು ಎಂದು ಖಚಿತಪಡಿಸಿಕೊಳ್ಳಿ. ಕನಿಷ್ಠ ಮೂರು ತಿಂಗಳು ತುಂಬಿರಬೇಕು. ಎರಡೂ ಕಣ್ಣು ತೆರೆದು ಉಬ್ಬಿಕೊಂಡಿರಬೇಕು, ಕಾಲುಗಳು ನೇರವಾಗಿರಬೇಕು, ಕೊಂಬೆಯ ಮೇಲಿನ ಹಿಡಿತ ಬಿಗಿಯಾಗಿರಬೇಕು. ಹಗಲಿನಲ್ಲಿ ಕಣ್ಣು ಮುಚ್ಚಿ ಕುಳಿತ ಮರಿಯನ್ನು ಕನಿಕರಕ್ಕೆಂದು ಕೊಳ್ಳಬೇಡಿ. ಒಂದು ಗೂಡಿಗೆ ಒಂದೇ ಪ್ರಾಣಿ. ಜೊತೆ ಬೇಕಾಗುವುದು ನಮಗೆ, ಗೋಸುಂಬೆಗಲ್ಲ. ಇನ್ನೊಂದು ಗೋಸುಂಬೆ ಕಣ್ಣಿಗೆ ಬಿದ್ದರೂ ಅದು ಕಂಗೆಡುತ್ತದೆ. ಕನ್ನಡಿಯಲ್ಲಿ ತನ್ನದೇ ಬಿಂಬ ಕಂಡರೂ ಅಷ್ಟೇ.

ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದರೆ ಕಾಯಿರಿ. ಸರೀಸೃಪಗಳ ಮೈ ಮತ್ತು ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಅಂಥ ಮನೆಗೆ ಸರೀಸೃಪ ಬೇಡವೆಂದು ಇಲ್ಲಿನ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯೂ ಹೇಳುತ್ತದೆ. ದೊಡ್ಡವರಾದರೂ ಗೂಡು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಅದರ ಪಾತ್ರೆಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು.

ಗೂಡು ಎರಡು ವಾರ ಮೊದಲೇ ಸಿದ್ಧವಿರಲಿ

ಪ್ರಾಣಿಯನ್ನೂ ಗೂಡನ್ನೂ ಒಂದೇ ದಿನ ತಂದು, ಒಂದು ಕೈಯಲ್ಲಿ ಸ್ಕ್ರೂ ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಮರಿಯ ಡಬ್ಬಿ ಹಿಡಿದು ನಿಲ್ಲುವ ಸ್ಥಿತಿ ಬರಬಾರದು. ಗೂಡು, ದೀಪ, ನೀರು, ಗಿಡ ಎಲ್ಲವನ್ನೂ ಎರಡು ವಾರ ಮೊದಲು ಜೋಡಿಸಿ. ಹಗಲು ರಾತ್ರಿಯ ಬಿಸಿ ಮತ್ತು ತೇವವನ್ನು ಅಳೆದು ಬರೆದಿಡಿ. ಅಂಕಿಗಳು ಸ್ಥಿರವಾದ ಮೇಲೆ ಮರಿಯನ್ನು ತನ್ನಿ.

ಬೆಳೆದ ಗೋಸುಂಬೆಗೆ ಎರಡಡಿ ಅಗಲ, ಎರಡಡಿ ಆಳ, ನಾಲ್ಕಡಿ ಎತ್ತರದ ಜಾಲರಿ ಗೂಡು ಬೇಕು. ಇದು ಮರದ ಪ್ರಾಣಿ, ಅದಕ್ಕೆ ಬೇಕಾದದ್ದು ಎತ್ತರ. ಗೂಡನ್ನು ನೆಲದ ಮೇಲಿಡದೆ ಗಟ್ಟಿಯಾದ ಮೇಜಿನ ಮೇಲಿಡಿ. ನಾವು ನಿಂತಾಗ ಅದು ನಮ್ಮ ಕಣ್ಣಿಗಿಂತ ಮೇಲೆ ಕೂರುವಂತಿರಬೇಕು. ಮೇಲಿನಿಂದ ಬರುವ ಆಕೃತಿ ಅದರ ಮಟ್ಟಿಗೆ ಹದ್ದು. ಎರಡು ಬದಿಗೆ ಗೋಡೆ ಸಿಗುವ ಮೂಲೆ ಒಳ್ಳೆಯದು. ಫ್ಯಾನಿನ ಕೆಳಗೆ, ಹೀಟರಿನ ಗಾಳಿಗಂಡಿಯ ಎದುರು, ಟಿವಿಯ ಪಕ್ಕ ಬೇಡ. ನಮ್ಮಂಥವರ ಮನೆಗಳಿಗೆ ಇನ್ನೊಂದು ಮಾತು ಸೇರಿಸಬೇಕು: ಒಗ್ಗರಣೆಯ ಘಾಟು, ಊದುಬತ್ತಿಯ ಹೊಗೆ ತಲುಪುವ ಜಾಗದಲ್ಲಿ ಇಡಬೇಡಿ. ಮೊದಲು ನಾನು ಗೂಡನ್ನು ದೇವರ ಕೋಣೆಯ ಪಕ್ಕದಲ್ಲೇ ಇಟ್ಟಿದ್ದೆ. ಪೂಜೆಯ ಹೊತ್ತಿಗೆ ದೂರ್ವಾ ಗೂಡಿನ ಆ ಕೊನೆಗೆ ಸರಿದು ಕೂರುತ್ತಿದ್ದಳು. ಅದರ ಅರ್ಥ ಹೊಳೆಯಲು ನನಗೆ ತಿಂಗಳೇ ಬೇಕಾಯಿತು.

ಒಳಗೆ ನಿಜವಾದ ಗಿಡಗಳೇ ಇರಲಿ. ಯೆಮನ್ ಗೋಸುಂಬೆ ಎಲೆಯನ್ನೂ ತಿನ್ನುತ್ತದೆ. ಪ್ಲಾಸ್ಟಿಕ್ ಎಲೆ ನುಂಗಿದರೆ ಕರುಳಿಗೆ ಕಟ್ಟಿಕೊಳ್ಳುತ್ತದೆ. ದಾಸವಾಳ, ಫೈಕಸ್, ಮನಿ ಪ್ಲಾಂಟ್ ಇಲ್ಲಿ ಎಲ್ಲರೂ ಇಡುವ ಗಿಡಗಳು. ನಮ್ಮ ಚಿಗುರನಿಗೆ ದಾಸವಾಳದ ಹೂವೆಂದರೆ ಹಬ್ಬ. ಕಣಗಿಲೆ ವಿಷ, ಅದರ ಒಂದು ಎಲೆಯೂ ಗೂಡಿನ ಹತ್ತಿರ ಬರಬಾರದು. ಗಿಡ ತಂದ ಮೇಲೆ ಎಲೆಗಳನ್ನು ಚೆನ್ನಾಗಿ ತೊಳೆದು, ಮೇಲ್ಮಣ್ಣು ಬದಲಿಸಿ.

ಕೊಂಬೆಗಳನ್ನು ಅಡ್ಡಡ್ಡವಾಗಿ, ಬೇರೆ ಬೇರೆ ಎತ್ತರದಲ್ಲಿ, ಕಿರುಬೆರಳಿನಿಂದ ಹೆಬ್ಬೆರಳಿನವರೆಗಿನ ದಪ್ಪದಲ್ಲಿ ಕಟ್ಟಿ. ಗೋಸುಂಬೆಯ ಪಾದ ಇಕ್ಕುಳದಂತೆ: ಮುಂಗಾಲಿನಲ್ಲಿ ಒಳಗೆ ಮೂರು, ಹೊರಗೆ ಎರಡು ಬೆರಳು, ಹಿಂಗಾಲಿನಲ್ಲಿ ಒಳಗೆ ಎರಡು, ಹೊರಗೆ ಮೂರು. ಆ ಇಕ್ಕುಳಕ್ಕೆ ಹಿಡಿಯಲು ಸಿಗದ ನುಣುಪು ಕೋಲು ಹಾಕಿ ಪ್ರಯೋಜನವಿಲ್ಲ.

ಬಿಸಿಲು

ಗೂಡಿನ ಮೇಲೆ ಎರಡು ದೀಪ ಬೇಕು, ಎರಡಕ್ಕೂ ಕೆಲಸ ಬೇರೆ. ಒಂದು ಕಾಯಿಸಲು, ಇನ್ನೊಂದು ಮೂಳೆ ಉಳಿಸಲು.

ಕಾಯಿಸುವ ದೀಪವನ್ನು ಜಾಲರಿಯ ಹೊರಗೆ, ಮೇಲ್ಭಾಗದ ಒಂದು ಮೂಲೆಯಲ್ಲಿಡಿ. ಅದರ ಕೆಳಗಿನ ಕೊಂಬೆಯ ಮೇಲೆ ಗಂಡಿಗೆ ಸುಮಾರು 29 ಡಿಗ್ರಿ ಸೆಲ್ಸಿಯಸ್ (85 ಫ್ಯಾರನ್‌ಹೀಟ್), ಹೆಣ್ಣಿಗೆ ಸುಮಾರು 27 (80 ಫ್ಯಾರನ್‌ಹೀಟ್) ಇದ್ದರೆ ಸಾಕು. ಬಲ್ಬಿನ ವ್ಯಾಟ್ ನೋಡಿ ಅಂದಾಜು ಮಾಡದೆ ಕೊಂಬೆಯ ಮೇಲೆಯೇ ಥರ್ಮಾಮೀಟರ್ ಇಟ್ಟು ಅಳೆಯಿರಿ. ತಲೆಯ ಮೇಲಿನ ಎತ್ತರದ ಜುಟ್ಟು ಬಲ್ಬಿಗೆ ತೀರಾ ಹತ್ತಿರವಾದರೆ ಸುಟ್ಟುಹೋಗುತ್ತದೆ. ಸುಡುತ್ತಿರುವುದು ಪ್ರಾಣಿಗೆ ಬೇಗ ತಿಳಿಯುವುದಿಲ್ಲ. ಗೂಡಿನ ಕೆಳಭಾಗ ತಂಪಾಗಿರಲಿ. ಬಿಸಿ ಹೆಚ್ಚಾದಾಗ ಇಳಿದು ಬರಲು ಅದಕ್ಕೊಂದು ದಾರಿ ಬೇಕು.

ಎರಡನೆಯದು ಯುವಿಬಿ, ಅಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣ ಸೂಸುವ ಕೊಳವೆ ದೀಪ. ಇದನ್ನು ಉಳಿತಾಯದ ಬಾಬತ್ತು ಮಾಡಿಕೊಳ್ಳಬೇಡಿ. ಯುವಿಬಿ ಕಿರಣ ಬಿದ್ದರೆ ಮಾತ್ರ ಚರ್ಮದಲ್ಲಿ ವಿಟಮಿನ್ ಡಿ3 ಆಗುತ್ತದೆ, ಡಿ3 ಇದ್ದರೆ ಮಾತ್ರ ತಿಂದ ಸುಣ್ಣದಂಶ (ಕ್ಯಾಲ್ಸಿಯಂ) ಮೂಳೆಗೆ ಸೇರುತ್ತದೆ. ಇಲ್ಲದಿದ್ದರೆ ಮೂಳೆ ಮೆತ್ತಗಾಗಿ ಕಾಲು ಬಿಲ್ಲಿನಂತೆ ಬಾಗುತ್ತದೆ, ದವಡೆ ರಬ್ಬರಿನಂತಾಗುತ್ತದೆ, ನಾಲಗೆ ಚಿಮ್ಮುವುದಿಲ್ಲ. ಬಾಗಿದ ಕಾಲು ಮತ್ತೆ ನೇರವಾಗುವುದಿಲ್ಲ. ಟಿ5 ಎಚ್‌ಒ ಎಂಬ ಉದ್ದನೆಯ ಕೊಳವೆ, ಶೇಕಡ 5 ಅಥವಾ 6ರ ಯುವಿಬಿ ಇರುವುದನ್ನು ಕೊಂಡು, ಮೈ ಕಾಯಿಸಿಕೊಳ್ಳುವ ಕೊಂಬೆಗಿಂತ ಆರರಿಂದ ಒಂಬತ್ತು ಅಂಗುಲ ಮೇಲೆ ಹಾಕಿ. ಸುರುಳಿ ಬಲ್ಬು ಬೇಡ. ಕೊಳವೆ ಬೆಳಗುತ್ತಲೇ ಇದ್ದರೂ ಅದರ ಯುವಿಬಿ ಮೊದಲೇ ಬತ್ತಿರುತ್ತದೆ. ಹಾಕಿದ ದಿನಾಂಕವನ್ನು ಕೊಳವೆಯ ಮೇಲೆಯೇ ಬರೆದು ವರ್ಷಕ್ಕೊಮ್ಮೆ ಬದಲಿಸಿ. ‘ಕಿಟಕಿಯ ಬಿಸಿಲು ಬರುತ್ತದಲ್ಲ’ ಎನ್ನುವವರಿದ್ದಾರೆ. ಕಿಟಕಿಯ ಗಾಜು ಯುವಿಬಿಯನ್ನು ಒಳಗೆ ಬಿಡುವುದಿಲ್ಲ.

ಎರಡನ್ನೂ ಟೈಮರಿಗೆ ಸೇರಿಸಿ. ಯುವಿಬಿ ದಿನಕ್ಕೆ 12 ಗಂಟೆ ಉರಿಯಲಿ. ರಾತ್ರಿ ಪೂರ್ತಿ ಕತ್ತಲೆ ಬೇಕು. ಕೆಂಪು ದೀಪವೂ ಬೇಡ. ರಾತ್ರಿಯಲ್ಲಿ 18 ಡಿಗ್ರಿಯವರೆಗೆ ಇಳಿದರೆ ಅದು ಬೆಟ್ಟದ ಪ್ರಾಣಿಗೆ ಹಿತವೇ.

ನೀರು

ಬಟ್ಟಲಿನಲ್ಲಿ ನೀರಿಟ್ಟರೆ ಗೋಸುಂಬೆ ಅದನ್ನು ನೀರೆಂದು ಗುರುತಿಸುವುದು ಅಪರೂಪ. ಎಲೆಯ ಮೇಲಿನ ಹನಿಯನ್ನು ನೆಕ್ಕಿ ಬದುಕುವ ಪ್ರಾಣಿ ಇದು. ಬೆಳಗ್ಗೆ ದೀಪ ಹತ್ತುವ ಮೊದಲು ಎರಡು ನಿಮಿಷ, ಸಂಜೆ ದೀಪ ಆರಿದ ಮೇಲೆ ಎರಡು ನಿಮಿಷ ಎಲೆಗಳ ಮೇಲೆ ನವಿರಾದ ತುಂತುರು ಹಾಯಿಸಿ. ಮಧ್ಯಾಹ್ನ ತಳಕ್ಕೆ ಸೂಜಿಯಲ್ಲಿ ತೂತು ಮಾಡಿದ ಒಂದು ಡಬ್ಬಿಯನ್ನು ಗೂಡಿನ ಮೇಲಿಟ್ಟು ದಾಸವಾಳದ ಎಲೆಯ ಮೇಲೆ ತೊಟ್ಟಿಕ್ಕಲು ಬಿಟ್ಟರೆ ಸಾಕು.

ಹಗಲಿನಲ್ಲಿ ತೇವಾಂಶ ಶೇಕಡ 30ರಿಂದ 50, ರಾತ್ರಿ ಶೇಕಡ 80ಕ್ಕೂ ಹೆಚ್ಚು ಇರಬೇಕು. ರಾತ್ರಿ ತಣ್ಣಗಾದಾಗ ಮಂಜು ಕಟ್ಟುವುದು ಅದರ ಊರಿನ ರೀತಿ. ಚಳಿಗಾಲದಲ್ಲಿ ಹೀಟರ್ ಹಾಕಿದ ಇಲ್ಲಿನ ಮನೆಗಳಲ್ಲಿ ಗಾಳಿ ಬಣಗುಟ್ಟುತ್ತದೆ. ಆಗ ರಾತ್ರಿ ಹೊತ್ತು ಮಂಜಿನ ಯಂತ್ರ ಬೇಕಾಗುತ್ತದೆ. ಹಗಲಿನಲ್ಲಿ ಮಾತ್ರ ಅದನ್ನು ಹಚ್ಚಬೇಡಿ. ಬಿಸಿಯೂ ತೇವವೂ ಒಟ್ಟಿಗೆ ನಿಂತರೆ ಶ್ವಾಸಕೋಶಕ್ಕೆ ಸೋಂಕು. ಎರಡು ತುಂತುರಿನ ನಡುವೆ ಎಲೆಗಳು ಒಣಗಲೇಬೇಕು. ಯಂತ್ರದ ತೊಟ್ಟಿಯನ್ನು ವಾರಕ್ಕೊಮ್ಮೆ ತೊಳೆದು ಡಿಸ್ಟಿಲ್ಡ್ ನೀರು ತುಂಬಿ. ಗೂಡಿನಡಿ ಅಗಲವಾದ ತಟ್ಟೆ ಇಡಿ. ಇಲ್ಲದಿದ್ದರೆ ಮರದ ನೆಲ ಉಬ್ಬುತ್ತದೆ.

ಊಟ

ಸಸ್ಯಾಹಾರಿ ಮನೆಗಳಲ್ಲಿ ಮಾತು ಇಲ್ಲೇ ನಿಲ್ಲುತ್ತದೆ. ನಮ್ಮಮ್ಮ ಮೊದಲ ಸಲ ಬಂದಾಗ, ಡಬ್ಬಿಯಲ್ಲಿ ಡುಬಿಯಾ ಜಿರಲೆ ಸಾಕಿದ್ದೇನೆಂದು ತಿಳಿದು ಎರಡು ದಿನ ಆ ಕೋಣೆಗೆ ಕಾಲಿಡಲಿಲ್ಲ. ನಿಮ್ಮ ಮನಸ್ಸು ಒಪ್ಪದಿದ್ದರೆ ಈ ಪ್ರಾಣಿ ಬೇಡ. ಎಲೆ, ಹಣ್ಣುಗಳಿಂದ ಅದು ಬದುಕುವುದಿಲ್ಲ. ಅದಕ್ಕೆ ಜೀವಂತ ಹುಳುವೇ ಬೇಕು.

ಇಲ್ಲಿ ಅಂಗಡಿಯಲ್ಲಿ ಸಿಗುವುದು ಮಿಡತೆಯಂಥ ಕ್ರಿಕೆಟ್ ಹುಳು, ಡುಬಿಯಾ ಜಿರಲೆ, ದಪ್ಪನೆಯ ಹಸಿರು ಮರಿಹುಳುವಾದ ಹಾರ್ನ್‌ವರ್ಮ್. ಎಲ್ಲಕ್ಕಿಂತ ಒಳ್ಳೆಯದು ನಮಗೆ ಗೊತ್ತಿರುವುದೇ: ರೇಷ್ಮೆ ಹುಳು. ಮೆತ್ತಗಿನ ಮೈ, ಒಳಗೆ ತುಂಬು ನೀರು, ಜೀರ್ಣಕ್ಕೆ ಹಗುರ. ನಾನು ಶಿಡ್ಲಘಟ್ಟದ ಕಡೆಯವಳು. ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳ ನಡುವೆ ಮಲಗಿ ಬೆಳೆದವಳಿಗೆ ಪೋಸ್ಟಿನಲ್ಲಿ, ಪ್ಲಾಸ್ಟಿಕ್ ಲೋಟದೊಳಗೆ ರೇಷ್ಮೆ ಹುಳು ಬಂದಾಗ ಗಂಟಲು ಕಟ್ಟಿತು. ನಾರ್ತ್ ಕೆರೊಲಿನಾದಲ್ಲಿ ಹಿಪ್ಪುನೇರಳೆ ಮರ ಬೀದಿಬದಿಯಲ್ಲೇ ಬೆಳೆಯುತ್ತದೆ. ರಸ್ತೆಗೆ ದೂರವಿರುವ, ಔಷಧ ಹೊಡೆಯದ ಮರದ ಸೊಪ್ಪನ್ನು ತೊಳೆದು ಒಣಗಿಸಿ ಹಾಕುತ್ತೇನೆ. ಎರಡನೇ ಜ್ವರ (ಪೊರೆ ಬಿಡುವ ಮುಂಚಿನ ನಿದ್ದೆ) ಎದ್ದ ಹುಳು ಮರಿಗೆ ಸರಿ, ಮೂರನೇ ಜ್ವರ ಎದ್ದದ್ದು ಬೆಳೆದ ಗೋಸುಂಬೆಗೆ. ಈ ಲೆಕ್ಕ ಅಮ್ಮ ಹೇಳಿಕೊಟ್ಟದ್ದು. ಮೂರನೆಯ ದಿನ ರೇಷ್ಮೆ ಹುಳುವಿನ ವಾಸನೆ ಹಿಡಿದು ಅವರೇ ಆ ಕೋಣೆಗೆ ಬಂದಿದ್ದರು.

ಯಾವ ಹುಳುವಾದರೂ ಗೋಸುಂಬೆಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದಪ್ಪವಿರಬಾರದು. ಮರಿಗೆ ದಿನವೂ ಹೊಟ್ಟೆ ತುಂಬ ಕೊಡಿ. ವರ್ಷ ತುಂಬಿದ ಗಂಡಿಗೆ ದಿನ ಬಿಟ್ಟು ದಿನ ನಾಲ್ಕೈದು. ಹುಳು ಏನು ತಿಂದಿರುತ್ತದೋ ಅದೇ ಗೋಸುಂಬೆಯ ಊಟ. ಹಾಗಾಗಿ ಹುಳುವಿಗೆ ಕ್ಯಾರೆಟ್, ಗೆಣಸು, ಕೊಲಾರ್ಡ್ ಸೊಪ್ಪು ಹಾಕಿ ಒಂದು ದಿನ ಮೇಯಿಸಿ. ಕೊಡುವ ಮುನ್ನ ಹುಳುವಿನ ಮೇಲೆ ಡಿ3 ಇಲ್ಲದ ಬರೀ ಕ್ಯಾಲ್ಸಿಯಂ ಪುಡಿಯನ್ನು ತೆಳ್ಳಗೆ ಉದುರಿಸಿ. ಡಿ3 ಮತ್ತು ವಿಟಮಿನ್ ಎ ಇರುವ ಪುಡಿ ತಿಂಗಳಿಗೆ ಎರಡೇ ಸಲ. ಡಿ3 ಮೈಯಲ್ಲಿ ಸೇರಿಕೊಂಡು ಕೂರುವುದರಿಂದ ಹೆಚ್ಚಾದರೆ ಅದೇ ವಿಷ.

ಹಿತ್ತಲಿನಿಂದ ಹುಳು ಹಿಡಿದು ಹಾಕಬೇಡಿ. ಅದರಲ್ಲೂ ಬೇಸಿಗೆಯ ಸಂಜೆ ಮಕ್ಕಳು ಬಾಟಲಿಯಲ್ಲಿ ಹಿಡಿದು ತರುವ ಮಿಣುಕುಹುಳು ಗೂಡಿನ ಕೋಣೆಗೇ ಬರಬಾರದು. ಅದರ ಮೈಯಲ್ಲಿ ಹೃದಯವನ್ನು ನಿಲ್ಲಿಸುವ ವಿಷವಿದೆ. ಒಂದೇ ಮಿಣುಕುಹುಳು ತಿಂದು ಸಾಕಿದ ಹಲ್ಲಿಗಳು ಸತ್ತಿವೆ.

ಮೊಟ್ಟೆ

ಗಂಡಿನ ಮುಖವನ್ನೇ ನೋಡದ ಹೆಣ್ಣು ಗೋಸುಂಬೆಯೂ ಮೊಟ್ಟೆ ಇಡುತ್ತದೆ, ನಾಟಿ ಕೋಳಿಯ ಹಾಗೆ. ನನಗೆ ಇದು ಗೊತ್ತಿರಲಿಲ್ಲ, ಮಾರಿದವರು ಹೇಳಲಿಲ್ಲ. ದೂರ್ವಾ ಎಂಟನೆಯ ತಿಂಗಳಲ್ಲಿ ತಿನ್ನುವುದು ಬಿಟ್ಟಳು. ಎಂದೂ ನೆಲಕ್ಕೆ ಇಳಿಯದವಳು ಗೂಡಿನ ತಳದಲ್ಲಿ ಅಲೆದಾಡಿದಳು, ಮೂಲೆಯ ಪ್ಲಾಸ್ಟಿಕ್ಕನ್ನು ಕೆರೆದಳು. ಹೊರಗೆ ಬರಲು ಆಸೆಯಿರಬೇಕೆಂದು ನಾನು ತಿಳಿದೆ. ಆಕೆ ಹುಡುಕುತ್ತಿದ್ದದ್ದು ಮಣ್ಣು. ಕೆಲವು ವಾರಗಳ ಮೇಲೆ ಕಣ್ಣು ಮುಚ್ಚಿ ಕುಳಿತಾಗ ವೈದ್ಯರ ಬಳಿ ಒಯ್ದೆ. ಎಕ್ಸ್‌ರೇಯಲ್ಲಿ ಹೊಟ್ಟೆಯ ತುಂಬ ಮೊಟ್ಟೆ. ಶಸ್ತ್ರಚಿಕಿತ್ಸೆಯನ್ನು ತಾಳುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಹೆಣ್ಣನ್ನು ಸಾಕುವವರು ಅದಕ್ಕೆ ಐದು ತಿಂಗಳಾಗುವ ಹೊತ್ತಿಗೆ ಗೂಡಿನ ತಳದಲ್ಲಿ ಮೊಟ್ಟೆಯಿಡಲು ಮರಳಿನ ತೊಟ್ಟಿ ಇಡಲೇಬೇಕು. ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಆಳ. ತೊಳೆದ ಮರಳನ್ನು ಒದ್ದೆ ಮಾಡಿ ತುಂಬಿ. ಬೆರಳಿನಿಂದ ಸುರಂಗ ತೋಡಿದರೆ ಕುಸಿಯದಿರುವುದೇ ಹದ. ಹೆಣ್ಣು ತಳಕ್ಕೆ ಇಳಿದು ಕೆರೆಯತೊಡಗಿದ ಕೂಡಲೇ ಗೂಡಿಗೆ ಬೆಡ್‌ಶೀಟ್ ಹೊದಿಸಿ. ತನ್ನನ್ನು ಯಾರೋ ನೋಡುತ್ತಿದ್ದಾರೆಂದು ತಿಳಿದರೆ ಅರ್ಧಕ್ಕೆ ಬಿಟ್ಟು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಇಟ್ಟು, ಮಣ್ಣು ಮುಚ್ಚಿ, ತೆಳ್ಳಗಾಗಿ ಮೇಲೆ ಬಂದ ದಿನ ಹೆಚ್ಚು ಹೊತ್ತು ನೀರು ಹಾಯಿಸಿ, ಕ್ಯಾಲ್ಸಿಯಂ ಹಚ್ಚಿದ ಹುಳು ಕೊಡಿ. ಬೆಳೆದ ಹೆಣ್ಣಿಗೆ ವಾರಕ್ಕೆ ಎರಡು ಮೂರು ಸಲ, ಒಂದು ಸಲಕ್ಕೆ ಮೂರೇ ಹುಳು; ಬಿಸಿಯೂ ಗಂಡಿಗಿಂತ ಕಡಿಮೆ. ಹೆಚ್ಚು ತಿಂದಷ್ಟೂ, ಹೆಚ್ಚು ಕಾದಷ್ಟೂ ಮೊಟ್ಟೆ ಹೆಚ್ಚು. ಒಂದೇ ಸಲಕ್ಕೆ 60, 70 ಮೊಟ್ಟೆ ಇಟ್ಟು ಸೊರಗಿದ ಹೆಣ್ಣುಗಳಿವೆ. ಕೆರೆಯಲು ಶುರುಮಾಡಿ ಎರಡು ದಿನವಾದರೂ ಇಡದೆ ಸುಸ್ತಾದರೆ ವೈದ್ಯರಲ್ಲಿಗೆ ಒಯ್ಯಿರಿ, ಇನ್ನೊಂದು ದಿನ ನೋಡೋಣ ಎನ್ನಬೇಡಿ.

ಮೈಯನ್ನು ಓದುವುದು

ಗೋಸುಂಬೆ ಸುತ್ತಲಿನ ಬಣ್ಣಕ್ಕೆ ತಕ್ಕಂತೆ ಬದಲಾಗುತ್ತದೆ ಎಂದು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಅಸಲಿಗೆ ಅದರ ಬಣ್ಣ ಹೇಳುವುದು ಒಳಗಿನ ಸ್ಥಿತಿಯನ್ನು: ಬಿಸಿ, ಚಳಿ, ಸಿಟ್ಟು, ಭಯ, ಬಸಿರು. ಚರ್ಮದ ಜೀವಕೋಶಗಳಲ್ಲಿ ಅತಿ ಸಣ್ಣ ಹರಳುಗಳ ಜಾಲವಿದೆ. ಹರಳುಗಳ ನಡುವಿನ ಅಂತರ ಬದಲಾದಂತೆ ಹಿಂದಿರುಗುವ ಬೆಳಕಿನ ಬಣ್ಣವೂ ಬದಲಾಗುತ್ತದೆ ಎಂದು ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2015ರಲ್ಲಿ ಪ್ಯಾಂಥರ್ ಗೋಸುಂಬೆಯಲ್ಲಿ ತೋರಿಸಿಕೊಟ್ಟರು. ಸಾಕುವವರಿಗೆ ಬೇಕಾದದ್ದು ಇಷ್ಟು. ಬೆಳಗ್ಗೆ ಕಪ್ಪಗೆ ಕುಳಿತು ಮೈ ಕಾಯಿಸುವುದು ಸಹಜ. ಮಧ್ಯಾಹ್ನವೂ ಕಪ್ಪಗೇ ಇದ್ದರೆ ಏನೋ ತೊಂದರೆಯಿದೆ. ನಿದ್ದೆಯಲ್ಲಿ ತಿಳಿಹಸಿರಾಗುವುದು ನೆಮ್ಮದಿಯ ಗುರುತು.

ಬಣ್ಣಕ್ಕಿಂತ ಹೆಚ್ಚು ನಂಬುವಂಥದ್ದು ಕಣ್ಣು. ಹಗಲಿನಲ್ಲಿ ಕಣ್ಣು ಮುಚ್ಚುವ ಗೋಸುಂಬೆ ಕಾಯಿಲೆಯದ್ದು. ಗುಳಿಬಿದ್ದ ಕಣ್ಣು ನೀರಿನ ಕೊರತೆ. ಹಿಕ್ಕೆಯ ಜೊತೆ ಬೀಳುವ ಬಿಳಿಯ ಗಟ್ಟಿ ಭಾಗವೇ ಅದರ ಮೂತ್ರ. ಅದು ಬೆಳ್ಳಗಿರಬೇಕು, ಪೂರ್ತಿ ಕಿತ್ತಳೆಯಾದರೆ ನೀರು ಸಾಲುತ್ತಿಲ್ಲ. ದೀಪದಿಂದ ದೂರವಿದ್ದೂ ಬಾಯಿ ತೆರೆದು, ಮೂತಿ ಮೇಲೆತ್ತಿ ಉಸಿರಾಡಿದರೆ ಶ್ವಾಸಕೋಶದ ಸೋಂಕು. ಕೊಂಬೆಯಿಂದ ಬಿದ್ದರೆ, ಹುಳುವಿಗೆ ಗುರಿ ತಪ್ಪಿದರೆ ಮೂಳೆಯ ಬಗ್ಗೆ ಯೋಚಿಸಿ. ಬೇಟೆಯಾಗುವ ಪ್ರಾಣಿ ತನ್ನ ನೋವನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ನಮಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ನಾಯಿ ಬೆಕ್ಕು ನೋಡುವ ವೈದ್ಯರೆಲ್ಲ ಸರೀಸೃಪ ನೋಡುವುದಿಲ್ಲ. ಮರಿ ತರುವ ಮೊದಲೇ ಸರೀಸೃಪ ವೈದ್ಯರ ಸಂಘವಾದ ಎಆರ್‌ಎವಿಯ ಜಾಲತಾಣದಲ್ಲಿ ಹತ್ತಿರದವರನ್ನು ಹುಡುಕಿ ನಂಬರ್ ಬರೆದಿಡಿ. ಮರಿ ಬಂದ ಮೊದಲ ತಿಂಗಳಲ್ಲೇ ಹಿಕ್ಕೆ ಪರೀಕ್ಷೆ ಮಾಡಿಸಿ.

ಊರಿಗೆ ಹೋಗುವಾಗ

ನಾವೆಲ್ಲ ಎರಡು ವರ್ಷಕ್ಕೊಮ್ಮೆ ನಾಲ್ಕೈದು ವಾರ ಊರಿಗೆ ಹೋಗುವವರು. ಗೋಸುಂಬೆಯನ್ನು ಪೆಟ್ಟಿಗೆಯಲ್ಲಿಟ್ಟು ಸ್ನೇಹಿತರ ಮನೆಗೆ ಸಾಗಿಸಬೇಡಿ. ಗೂಡು ಬದಲಾದರೆ ವಾರಗಟ್ಟಲೆ ತಿನ್ನದೆ ಕೂರುತ್ತದೆ. ನೋಡಿಕೊಳ್ಳುವವರೇ ನಿಮ್ಮ ಮನೆಗೆ ಬರಲಿ. ಹೊರಡುವ ಎರಡು ವಾರ ಮೊದಲು ಅವರಿಂದಲೇ ನಾಲ್ಕು ಸಲ ಊಟ ಹಾಕಿಸಿ, ತೊಟ್ಟಿ ತುಂಬಿಸಿ, ನೀವು ಪಕ್ಕದಲ್ಲಿ ಸುಮ್ಮನೆ ನಿಂತು ನೋಡಿ. ಎಷ್ಟು ಹುಳು, ಯಾವ ದಿನ ಯಾವ ಪುಡಿ, ವೈದ್ಯರ ನಂಬರ್ ಎಲ್ಲವನ್ನೂ ಗೂಡಿನ ಪಕ್ಕ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ. ತಿನ್ನದೆ ಉಳಿದ ಕ್ರಿಕೆಟ್ ಹುಳುಗಳನ್ನು ರಾತ್ರಿ ಗೂಡಿನಲ್ಲಿ ಬಿಡಬಾರದೆಂದೂ ಬರೆಯಿರಿ. ನಿದ್ದೆಯಲ್ಲಿರುವ ಗೋಸುಂಬೆಯನ್ನು ಅವು ಕಚ್ಚುತ್ತವೆ. ದಿನವೂ ಕಣ್ಣಿನದೊಂದು, ಹಿಕ್ಕೆಯದೊಂದು ಫೋಟೊ ಕಳಿಸಲು ಹೇಳಿ. ಶಿಡ್ಲಘಟ್ಟದಲ್ಲಿ ಕಾಫಿ ಕುಡಿಯುತ್ತಾ ನಾನು ಮೊದಲು ತೆರೆಯುವುದು ಆ ಎರಡು ಫೋಟೊಗಳನ್ನೇ.

ಹೊರಡುವ ದಿನ ತೂಕ ಬರೆದಿಡಿ. ಗ್ರಾಂ ತೋರಿಸುವ ಸಣ್ಣ ತಕ್ಕಡಿಯ ಮೇಲೆ ಕೊಂಬೆಯೊಂದನ್ನು ನಿಲ್ಲಿಸಿ ಸೊನ್ನೆಗೆ ತಂದು, ಅದು ತಾನಾಗಿ ಹತ್ತುವವರೆಗೆ ಕಾಯಿರಿ. ತಿರುಗಿ ಬಂದ ದಿನ ಸೂಟ್‌ಕೇಸ್ ಬಿಚ್ಚುವ ಮೊದಲು ಮತ್ತೊಮ್ಮೆ ತೂಗಿ. ಹತ್ತರಲ್ಲೊಂದು ಪಾಲು ಇಳಿದಿದ್ದರೆ, ನೋಡಲು ಚೆನ್ನಾಗಿಯೇ ಇದ್ದರೂ, ಮಾರನೆಯ ಬೆಳಗ್ಗೆಯೇ ವೈದ್ಯರಿಗೆ ಫೋನ್ ಮಾಡಿ.